ಚಿಪ್ಪಿಲ್ಲದ ತತ್ತಿ

ಕೋಳಿಯನ್ನು ಕೂಸಿನ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ಆಟೋದಿಂದ ಇಳಿದ ತಾಯಿ-ಮಗಳನ್ನು ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು. ಆಗತಾನೆ ಎಮ್ಮೆಯೊಂದರ ಹೊರಬಿದ್ದ ಗರ್ಭಕೋಶವನ್ನು ಒಳಗೆ ತಳ್ಳಿ ಹೊಲಿಗೆ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದೆ. ನಾನು ಕೆಲಸ ಮಾಡುವ ಪಶು ಚಿಕಿತ್ಸಾಲಯ ರಾಯಚೂರಿನ ಅಂಚಿನಲ್ಲಿ, ಕಲ್ಮಲದ ಕಡೆ ಹೋಗುವ ರಸ್ತೆಯಲ್ಲಿದೆ. ಅಲ್ಲಿಗೆ ಎತ್ತು ಬರುತ್ತದೆ, ಎಮ್ಮೆ ಬರುತ್ತದೆ, ಕುರಿ ಹಿಂಡುಗಟ್ಟಲೆ ಬರುತ್ತದೆ. ಕೋಳಿ ಮಾತ್ರ ಬರುವುದಿಲ್ಲ. ಕೋಳಿ ಮಂಕಾದರೆ ನಮ್ಮ ಜನ ಡಾಕ್ಟರನ್ನು ಹುಡುಕುವುದಿಲ್ಲ, ಮಸಾಲೆ ಅರೆಯುತ್ತಾರೆ.

ತಾಯಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಇಸ್ತ್ರಿ ಮಾಡಿದ ಸೀರೆ, ಕೈಗಡಿಯಾರ, ಅಳೆದು ತೂಗಿದ ಮಾತು. ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ಹೊಟ್ಟೆಯ ಮೇಲೆ ಕೋಳಿಯನ್ನು ಆನಿಸಿಕೊಂಡು ನಿಂತಿದ್ದಳು. ಕರಿ ಮೈಯ ಮೇಲೆ ಬಿಳಿ ಚುಕ್ಕೆಗಳಿದ್ದ ಹೇಂಟೆ ಅದು. ಹೆಸರು ಚುಕ್ಕಿ. ಮದುವೆಗೆ ಮೊದಲು ಆಕೆಯೇ ಮರಿಯಿಂದ ಸಾಕಿದ್ದಂತೆ. ಈಗ ಹೆರಿಗೆಗೆಂದು ತವರಿಗೆ ಬಂದವಳಿಗೆ ಹಗಲೆಲ್ಲ ಅದೇ ಜೊತೆ.

"ತತ್ತಿಗೆ ಚಿಪ್ಪ ಇಲ್ರಿ ಮೇಡಂ. ಬರೇ ತೊಗಲು," ಎಂದಳು ಮಗಳು. "ಮುಟ್ಟಿದ್ರ ಮೆತ್ತಗ ಹತ್ತತದ. ಈಗ ಕಾಲೂ ಎಳ್ಯಾಕತ್ತದ."

ಟೇಬಲ್ಲಿನ ಮೇಲೆ ಇಟ್ಟು ನೋಡಿದೆ. ಕೋಳಿ ಎಂದರೆ ಮೊದಲು ಹೆದರುವುದು ಎರಡಕ್ಕೆ. ಒಂದು ರಾಣಿಖೇತ್, ಇನ್ನೊಂದು ಹಕ್ಕಿ ಜ್ವರ. ಹಕ್ಕಿ ಜ್ವರ ಎಂದು ನನ್ನ ಬಾಯಿಂದ ಬಂದರೆ ಸುತ್ತಲಿನ ಓಣಿಗಳ ಒಂದು ಕೋಳಿಯೂ ಉಳಿಯುವುದಿಲ್ಲ. ಹಾಗಾಗಿ ಆ ಮಾತನ್ನು ನಾವು ಬಾಯೊಳಗೇ ಇಟ್ಟುಕೊಂಡು ನೋಡುತ್ತೇವೆ. ಜುಟ್ಟು ಕೆಂಪಗಿತ್ತು, ನೀಲಿಗಟ್ಟಿರಲಿಲ್ಲ. ಮೂಗಿನಲ್ಲಿ ಸೋರಿಕೆ ಇಲ್ಲ, ಉಸಿರಿನಲ್ಲಿ ಗೊರಗೊರ ಇಲ್ಲ, ಕತ್ತು ತಿರುಚಿಲ್ಲ. ಹಿಕ್ಕೆ ಹಸಿರಾಗಿರಲಿಲ್ಲ. ಹೊಟ್ಟೆಯ ಕೆಳಗೆ ಬೆರಳಿಟ್ಟು ಒತ್ತಿದೆ. ಮೊಟ್ಟೆ ಸಿಕ್ಕಿಕೊಂಡ ಗಟ್ಟಿತನವೂ ಇಲ್ಲ. ಪಾದದ ಅಡಿಯಲ್ಲಿ ಹುಣ್ಣಿಲ್ಲ. ಓಣಿಯಲ್ಲಿ ಬೇರೆ ಕೋಳಿ ಸತ್ತಿವೆಯಾ, ಕಾಗೆ ಬಿದ್ದಿವೆಯಾ ಎಂದು ಕೇಳಿದೆ. ಇಲ್ಲವೆಂದರು.

ಚಿಪ್ಪಿಲ್ಲದ ಮೊಟ್ಟೆ, ಸೋತ ಕಾಲು. ಎರಡನ್ನೂ ಕೂಡಿಸಿದರೆ ಪಶುವೈದ್ಯ ಓದಿದ ಯಾರಾದರೂ ಹೇಳುವುದು ಸುಣ್ಣದ ಕೊರತೆ ಎಂದೇ. ನಾನೂ ಹಾಗೆಯೇ ಹೇಳಿದೆ. ಕ್ಯಾಲ್ಸಿಯಂ ಔಷಧಿ ಬರೆದುಕೊಟ್ಟು, ಕಪ್ಪೆಚಿಪ್ಪಿನ ಪುಡಿ ಕಾಳಿನಲ್ಲಿ ಕಲಸಿ ಹಾಕಿ, ಬಿಸಿಲಿಗೆ ಬಿಡಿ ಎಂದು ಕಳಿಸಿದೆ. ಮಗಳು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು.

"ಇದರ ತತ್ತಿಗೆ ಚಿಪ್ಪು ಕೂಡವಲ್ದು. ನನ್ನ ಹೊಟ್ಟ್ಯಾಗಿಂದು ಹ್ಯಾಂಗದನೋ ಏನೋ ಮೇಡಂ."

"ಹುಚ್ಚವ್ವಾ, ಕೋಳಿಗೂ ನಿನಗೂ ಎಲ್ಲಿಂದೆಲ್ಲಿ ಸಂಬಂಧ? ಮನಿಗಿ ಹೋಗು," ಎಂದು ನಕ್ಕೆ. ತಾಯಿಯೂ ನಕ್ಕರು. ಬಸುರಿಯರ ತಲೆಯಲ್ಲಿ ಏನೇನೋ ಹೊಕ್ಕಿರುತ್ತದೆ ಎಂಬ ನಗೆ ಅದು.

ಮುಂದಿನ ವಾರ ಅವರು ಮತ್ತೆ ಬಂದರು. ಚುಕ್ಕಿ ಈಗ ಕಾಲೂರಿ ನಿಲ್ಲುತ್ತಲೇ ಇರಲಿಲ್ಲ. ಮೊಣಕಾಲ ಮೇಲೆ ಕುಕ್ಕರಿಸಿ, ರೆಕ್ಕೆ ಅಗಲಿಸಿ ಸಮತೋಲ ಮಾಡಿಕೊಳ್ಳುತ್ತಿತ್ತು. ತಾಯಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಒಂದು ಮೊಟ್ಟೆ, ನೀರು ತುಂಬಿದ ಚೀಲದ ಹಾಗೆ ಸೊಟ್ಟಗೆ ಬಿದ್ದಿತ್ತು. ಬೆರಳಿಟ್ಟರೆ ತಗ್ಗು ಬೀಳುತ್ತಿತ್ತು. ಅಷ್ಟು ಸುಣ್ಣ ಹೋದ ಮೇಲೂ ಹೀಗೆ ಎಂದರೆ ನನ್ನ ಲೆಕ್ಕ ಎಲ್ಲೋ ತಪ್ಪಿತ್ತು. ಹಿಕ್ಕೆಯನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಜಂತಿನ ಮೊಟ್ಟೆ ಇರಲಿಲ್ಲ. ಕಾಲು ಬೀಳಿಸುವ ಇನ್ನೊಂದು ರೋಗವಿದೆ, ಅದು ಎಳೆ ಕೋಳಿಗಳಿಗೆ ಬರುವಂಥದ್ದು, ಇದರ ವಯಸ್ಸಿಗೆ ಹೊಂದುತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಮಾತಿದೆ. ರೋಗ ಟೇಬಲ್ಲಿನ ಮೇಲೆ ಸಿಗದಿದ್ದರೆ ಕೊಟ್ಟಿಗೆಯಲ್ಲಿ ಸಿಗುತ್ತದೆ. ಅಂದು ಸಂಜೆ ಚಿಕಿತ್ಸಾಲಯ ಮುಚ್ಚಿ ಅವರ ಮನೆಗೆ ಹೋದೆ.

ಓಣಿಯಲ್ಲಿ ಕೋಳಿಗಳು ಬೇಕಾದಷ್ಟಿದ್ದವು. ಎಲ್ಲವೂ ಒಂದೇ ಗಟಾರದ ದಂಡೆಯಲ್ಲಿ ಕೆದರುತ್ತಿದ್ದವು, ಒಂದೇ ತಿಪ್ಪೆ ಹತ್ತಿ ಇಳಿಯುತ್ತಿದ್ದವು. ಒಂದು ಹುಂಜ ನನ್ನ ಚಪ್ಪಲಿಗೇ ಕುಕ್ಕಿತು. ಯಾವುದಕ್ಕೂ ಏನೂ ಆಗಿರಲಿಲ್ಲ. ಪಕ್ಕದ ಮನೆಯವರು ಅದೇ ದಿನದ ಮೊಟ್ಟೆ ತಂದು ತೋರಿಸಿದರು, ಕಲ್ಲಿನಂಥ ಚಿಪ್ಪು. ರೋಗವಾಗಿದ್ದರೆ ಓಣಿಗೆಲ್ಲ ಹಬ್ಬಬೇಕಿತ್ತು. ಇದೊಂದಕ್ಕೇ ಬಂದಿದೆ ಎಂದರೆ ಇದೊಂದೇ ಆ ಮನೆಯೊಳಗಿನ ಏನನ್ನೋ ತಿನ್ನುತ್ತಿದೆ. ಆ ಕ್ಷಣದಿಂದ ನನಗೆ ಈ ಕೆಲಸ ಹಿತವೆನಿಸಲಿಲ್ಲ.

ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ಒಂದು ಹಣತೆ. ತಾಯಿ ಚಹಾಕ್ಕೆ ಇಟ್ಟರು.

"ಚುಕ್ಕಿಗೆ ಏನ್ ಹಾಕ್ತೀರಿ?"

"ನಾವು ಉಂಡದ್ದರಿ. ರೊಟ್ಟಿ, ಅನ್ನ, ಕಾಯಿಪಲ್ಯ ಹೆಚ್ಚಿದ್ದು," ಎಂದರು ತಾಯಿ.

ಮಗಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಳು.

ಕೋಳಿಯ ಕತ್ತಿನ ಬುಡದಲ್ಲಿ ತಿಂದ ಕಾಳು ಕೂಡಿಕೊಳ್ಳುವ ಒಂದು ಚೀಲವಿರುತ್ತದೆ. ತಿಂದದ್ದು ಅರೆಯಲು ಹೋಗುವ ಮುಂಚೆ ಅಲ್ಲಿ ಹಾಗೆಯೇ ಉಳಿದಿರುತ್ತದೆ. ಕೋಳಿ ಸುಳ್ಳು ಹೇಳುವುದಿಲ್ಲ, ಅದರ ಚೀಲವಂತೂ ಹೇಳುವುದೇ ಇಲ್ಲ. ಮೆತ್ತನೆಯ ರಬ್ಬರ್ ನಳಿಕೆ ಗಂಟಲೊಳಗೆ ಇಳಿಸಿ ಉಗುರುಬೆಚ್ಚಗಿನ ನೀರು ಬಿಟ್ಟೆ. ತಲೆ ಕೆಳಗೆ ಮಾಡಿ, ಚೀಲವನ್ನು ಮೆಲ್ಲಗೆ ಒತ್ತಿ, ಬಂದದ್ದನ್ನೆಲ್ಲ ಬಿಳಿ ಬಸಿಯಲ್ಲಿ ಹಿಡಿದೆ. ರೊಟ್ಟಿಯ ಚೂರು ಬಂತು. ಅದರ ಜೊತೆ ಇಡಿ ಜೋಳದ ಕಾಳು ಬಂದವು. ಕಾಳುಗಳ ಮೇಲೆ ಗುಲಾಬಿ ಬಣ್ಣ ಮೆತ್ತಿತ್ತು.

"ಇದೇನ್ರಿ?"

ತಾಯಿ ಬಗ್ಗಿ ನೋಡಿ ನಿರಾಳವಾಗಿ ಹೇಳಿದರು. "ಅದು ಉಡಿ ಜೋಳ ಮೇಡಂ. ಕುಂಕುಮ ಹತ್ತ್ಯದ. ಕುಬಸದಾಗ, ಅದ ಸೀಮಂತದಾಗ, ಬೀಗರು ಉಡಿ ತುಂಬಿ ಕಳಿಸ್ಯಾರ. ನಾವು ಇವೆಲ್ಲಾ ಯಾವಾಗೋ ಬಿಟ್ಟೀವ್ರಿ, ದೇವದುರ್ಗದಾಗ ಅವರಿನ್ನೂ ಬಿಟ್ಟಿಲ್ಲ. ಬೀಗರ ಮನಸ್ಸು ಯಾಕ ನೋಯಿಸಬೇಕಂತ ನಾನೇ ತೊಳದು, ಬೀಸಿಸಿ, ಇಕಿಗೆ ದಿನಾ ರೊಟ್ಟಿ ಬಡಿದು ಹಾಕಾಕತ್ತೀನಿ. ಉಡಿ ಕಾಳು ತಾನ ತಿನ್ಬೇಕಲ್ರಿ, ಬ್ಯಾರೆಯವರು ಮುಟ್ಟಂಗಿಲ್ಲ."

ಒಳಗಿನಿಂದ ಕೈಚೀಲ ತಂದರು. ಅರ್ಧ ಚೀಲ ಉಳಿದಿತ್ತು. ನಾನು ಒಂದು ಮುಷ್ಟಿ ಕಾಳು ತೆಗೆದು ಬೇರೆ ಬಸಿಯಲ್ಲಿ ಹಾಕಿ ನೀರು ಬಿಟ್ಟೆ. ಅದರ ಪಕ್ಕ ಇನ್ನೊಂದು ಬಸಿಯಲ್ಲಿ ಅವರ ಮನೆಯ ಬಿಳಿ ಜೋಳಕ್ಕೆ ಕುಂಕುಮ ಉದುರಿಸಿ ನೀರು ಬಿಟ್ಟೆ. ಕುಂಕುಮ ಕಾಳು ಬಿಟ್ಟು ನೀರಿನಲ್ಲಿ ಹರಡಿತು, ಕಾಳು ಬೆಳ್ಳಗಾಯಿತು. ಉಡಿಯ ಜೋಳದ ಬಣ್ಣ ಅರ್ಧ ಬಿಟ್ಟಿತು, ಅರ್ಧ ಗೋಡೆಗೆ ಬಳಿದ ಬಣ್ಣದ ಹಾಗೆ ಅಂಟಿಕೊಂಡೇ ಇತ್ತು. ಬಗ್ಗಿ ಮೂಸಿದೆ. ರಾಯಚೂರಿನಲ್ಲಿ ಬೆಳೆದ ಯಾರಿಗೂ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ಹೊತ್ತಿಗೆ ಬೀಜದ ಅಂಗಡಿಗಳ ಮುಂದೆ ನಡೆದು ಹೋದರೆ ಮೂಗಿಗೆ ಹೊಡೆಯುತ್ತದೆ.

ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಹೇಳಿದ್ದ ಒಂದು ಸಂಗತಿ ಆಗ ನೆನಪಾಯಿತು. ಕೋಳಿ ಫಾರಂ ಒಂದರಲ್ಲಿ ಬಿತ್ತನೆಗೆಂದು ಔಷಧ ಹಚ್ಚಿದ್ದ ಮೆಕ್ಕೆಜೋಳ ಮೇವಿನಲ್ಲಿ ಸೇರಿ ಹೋಗಿತ್ತಂತೆ. ಒಂದೂ ಕೋಳಿ ತಕ್ಷಣ ಸಾಯಲಿಲ್ಲ, ಎಲ್ಲ ಮೊಟ್ಟೆಗಳ ಚಿಪ್ಪು ಹೋಯಿತು. ಬೀಜಕ್ಕೆ ಬೂಷ್ಟು ಹಿಡಿಯಬಾರದೆಂದು ಹಚ್ಚುವ ಥೈರಾಮ್ ಎಂಬ ಪುಡಿ ಕೋಳಿಯ ಮೇಲೆ ಹೀಗೆಯೇ ಕೆಲಸ ಮಾಡುತ್ತದೆ. ಮೊದಲು ಚಿಪ್ಪು ಹೋಗುತ್ತದೆ, ಆಮೇಲೆ ಕಾಲು.

ಇಲ್ಲಿಗೆ ಕೋಳಿಯ ರೋಗ ಸಿಕ್ಕಿತು. ನನ್ನ ಕೆಲಸ ಅಷ್ಟೇ ಆಗಿದ್ದರೆ ಆ ಚಹಾ ಕುಡಿದು ಎದ್ದು ಬರಬಹುದಿತ್ತು. ಕೋಳಿಗೆ ಆ ಕಾಳು ಹಾಕಬೇಡಿ ಎಂದರೆ ಮುಗಿಯಿತು. ಎದುರಿಗೆ ಕುಳಿತವಳು ಅದೇ ಕಾಳಿನ ರೊಟ್ಟಿ ತಿನ್ನುವ ಬಸುರಿ. ದಿನ ತುಂಬಿದವಳ ಮುಂದೆ, ಮಡಿಲು ತುಂಬಿ ಹರಸಿದ ಉಡಿಯ ಕಾಳನ್ನು ವಿಷ ಎನ್ನುವುದಕ್ಕಿಂತ ಕೆಟ್ಟ ಮಾತು ನಮ್ಮ ಕಡೆ ಇಲ್ಲ. ಅಂಥ ಮಾತು ಆಡಿದ ನಾಲಿಗೆಯನ್ನು ಜನ ಮರೆಯುವುದಿಲ್ಲ. ಮುಂದೆ ಕೂಸಿಗೆ ನೆಗಡಿ ಬಂದರೂ ಈ ನಾಲಿಗೆಯೇ ಕಾರಣವಾಗುತ್ತದೆ. ನನಗೆ ಭಯವಾಯಿತು, ಸುಳ್ಳೇಕೆ. ತಾಯಿಯನ್ನು ಬೇರೆ ಕರೆದು ಹೇಳೋಣ ಎಂದುಕೊಂಡೆ. ಆದರೆ ಎಷ್ಟು ತಿಂದಿದ್ದಾಳೆ ಎಂದು ಹೇಳಬಲ್ಲವಳು ಮಗಳೊಬ್ಬಳೇ. ಇಬ್ಬರನ್ನೂ ಕೂರಿಸಿ ನೇರವಾಗಿ ಹೇಳಿಬಿಟ್ಟೆ.

"ಇದು ಕುಂಕುಮ ಅಲ್ಲ. ಬೀಜಕ್ಕ ಹಚ್ಚೋ ಔಷಧ. ಚುಕ್ಕಿ ಇದರಿಂದ ಬಿದ್ದದ. ನೀನು ಎಷ್ಟು ತಿಂದೀದಿ ಹೇಳವ್ವಾ."

ತಾಯಿ ರೊಟ್ಟಿ ಬಡಿದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡತೊಡಗಿದರು. ಮಗಳೇ ಬಾಯಿ ಬಿಟ್ಟಳು.

"ಮೊದಲು ಎರಡು ಮೂರು ದಿನ ತಿಂದೆರಿ. ಗಂಟಲದಾಗ ಒಂಥರಾ ಆಗ್ತಿತ್ತು. ಅವ್ವಗ ಹೇಳಿದ್ರ ಬಸುರಾಗ ಹಂಗ ಆಗ್ತದ, ತಿನ್ನು ಅಂತಿದ್ಲು. ಅತ್ತಿ ಮನಿ ಉಡಿ, ಚೆಲ್ಲಂಗಿಲ್ಲ, ಯಾರಿಗೂ ಕೊಡಂಗಿಲ್ಲ. ಅವ್ವ ಒಳಗ ಹೋದ ಕೂಡ್ಲೆ ರೊಟ್ಟಿ ಮುರದು ಚುಕ್ಕಿಗೆ ಹಾಕ್ತಿದ್ದೆ. ಚೀಲ ಲಗೂನ ಮುಗೀಲಿ ಅಂತ ಕಾಳೂ ಹಾಕ್ತಿದ್ದೆ."

ತಾಯಿ ಕಣ್ಣು ಮುಚ್ಚಿಕೊಂಡರು. ಕೋಳಿ ಮೂಲೆಯಲ್ಲಿ ರೆಕ್ಕೆ ಅಗಲಿಸಿ ಕುಳಿತೇ ಇತ್ತು. ಮಗಳು ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅಳತೊಡಗಿದಳು.

ನಾನು ದನಕರುಗಳ ಡಾಕ್ಟರು. ಆ ಪುಡಿ ಕೋಳಿಗೆ ಏನು ಮಾಡುತ್ತದೆ ಎಂದು ಹೇಳಬಲ್ಲೆ. ಹೆಣ್ಣುಮಗಳ ಹೊಟ್ಟೆಯಲ್ಲಿರುವ ಕೂಸಿಗೆ ಏನು ಮಾಡುತ್ತದೆ ಎಂದು ಹೇಳಲಾರೆ, ಹೇಳಲೂಬಾರದು. ಅದನ್ನೇ ಹೇಳಿದೆ. ಬೆಳಿಗ್ಗೆ ಮೊದಲ ಕೆಲಸ ಹೆರಿಗೆ ಡಾಕ್ಟರ ಹತ್ತಿರ ಹೋಗಿ, ಈ ಕಾಳನ್ನೂ ಒಯ್ಯಿರಿ, ಏನನ್ನೂ ಮುಚ್ಚಿಡಬೇಡಿ ಎಂದೆ. ಅವರು ಹೋದರು. ಡಾಕ್ಟರು ರಕ್ತ ತೆಗೆಸಿ, ಸ್ಕ್ಯಾನ್ ಮಾಡಿಸಿ, ಕೂಸು ಚೆನ್ನಾಗಿಯೇ ಆಡುತ್ತಿದೆ, ಎರಡು ಮೂರು ದಿನದ ಮಾತಲ್ಲವೇ ಎಂದು ಧೈರ್ಯ ಹೇಳಿ ಕಳಿಸಿದರು.

ಆದರೆ ನನ್ನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ದೇವದುರ್ಗದ ಮನೆಯಲ್ಲಿ ಆ ಜೋಳ ಇನ್ನೂ ಎಷ್ಟಿದೆ? ಯಾರು ತಿನ್ನುತ್ತಿದ್ದಾರೆ? ಫೋನ್ ಮಾಡಿ ಎಂದು ತಾಯಿಗೆ ಹೇಳಿದರೆ ಅವರು ತಲೆ ಅಲ್ಲಾಡಿಸಿದರು.

"ನಿಮ್ಮ ಉಡಿ ವಿಷ ಆಗ್ಯದ ಅಂತ ಫೋನಿನ್ಯಾಗ ಹ್ಯಾಂಗ ಹೇಳ್ಲಿರಿ? ನಾವು ಬುದ್ಧನ ಫೋಟೋ ಇಟ್ಟವರು, ಅವರ ಶಾಸ್ತ್ರಕ್ಕ ಹೆಸರಿಡಾಕತ್ತಾರ ಅಂತಾರ. ನೀವು ಬಂದು ಡಾಕ್ಟರ ಬಾಯಿಲೆ ಹೇಳಿದ್ರ ನಂಬ್ತಾರ."

ಮರುದಿನ ಇಬ್ಬರೂ ಬಸ್ಸು ಹತ್ತಿದೆವು. ಕಲ್ಮಲ ದಾಟಿ ಗಬ್ಬೂರಿನ ಕಡೆ ತಿರುಗಿದ ಮೇಲೆ ಎರಡೂ ಕಡೆ ಕರಿ ಮಣ್ಣಿನ ಹೊಲಗಳು. ಕೆಲವು ಕಡೆ ಜೋಳ ಮೊಣಕಾಲುದ್ದ ಎದ್ದಿತ್ತು, ಕೆಲವು ಹೊಲ ಹಾಗೆಯೇ ಖಾಲಿ ಬಿದ್ದಿದ್ದವು. ಬಿತ್ತುವ ಹೊತ್ತಿಗೆ ಮಳೆ ಹಿಡಿದು ನೆಲ ಆರಲೇ ಇಲ್ಲವೆಂದು ತಾಯಿ ಹೇಳಿದರು. ಬಿತ್ತನೆಯ ಬೀಜ ಉಡಿಗೆ ಬರುವಷ್ಟು ಯಾಕೆ ಉಳಿಯಿತು ಎಂದು ನನಗೆ ಆಗ ಗೊತ್ತಾಯಿತು.

ಬೀಗಿತ್ತಿ ಎತ್ತರದ ಹೆಂಗಸು. ನಮ್ಮನ್ನು ಕಂಡು ಅಂಗಳದಲ್ಲೇ ನಿಂತು ಕೈ ಹಿಡಿದುಕೊಂಡರು. "ಬರ್ರಿ ಬೀಗತಿ, ಬರ್ರಿ. ಸುದ್ದಿ ಇಲ್ಲ ಪದ್ದಿ ಇಲ್ಲ, ಹಿಂಗ ಬಂದೀರಿ. ಸೊಸಿ ಆರಾಮದಾಳಲ್ರಿ?" ಕುಡಿಯಲು ನೀರು ಬಂತು, ಚಹಾ ಬಂತು. ಉಡಿಯ ಜೋಳ ಎಲ್ಲಿಯದು ಎಂದು ನಾನು ಸುಮ್ಮನೆ ಮಾತಿಗೆ ಕೇಳಿದ ಹಾಗೆ ಕೇಳಿದೆ. ಅವರ ಮುಖ ಅರಳಿತು.

"ಬಿತ್ತಿ ಉಳದ ಕಾಳು ಅದು. ಬಿತ್ತೋ ಕೂರಿಗಿ ಪೂಜಿ ಮಾಡಿ, ಕುಂಕುಮ ಏರಿಸಿ ಹೊಲಕ್ಕ ಹೋದ ಬೀಜ ತಿರುಗಿ ಕಾಳಿನ ಗುಮ್ಮಿಗಿ ಹಾಕಂಗಿಲ್ರಿ ನಮ್ಮ ಮನ್ಯಾಗ. ಅದು ಭೂಮಿತಾಯಿ ಮುಂದ ಹೋಗಿ ಬಂದದ್ದು. ಬಸುರಿ ಉಡಿಗೇ ಹೋಗ್ಬೇಕು. ನನ್ನ ಉಡೀನೂ ನಮ್ಮತ್ತಿ ಹಂಗೇ ತುಂಬಿದ್ಲು. ಅದನ್ನ ತಿಂದೇ ನಾನು ಹಡದೀನಿ."

ಆಕೆಯ ಗಂಡ ಹೊಸ್ತಿಲ ಹತ್ತಿರ ಕುಳಿತು ಹಗ್ಗ ಹೊಸೆಯುತ್ತಿದ್ದರು. ಅವರ ಕೈ ನಿಂತಿತು.

"ಯಾವ ಜೋಳ?" ಎಂದರು.

"ನೀವು ತಂದು ಮೂಲ್ಯಾಗ ಇಟ್ಟಿದ್ರಲ್ಲ, ಅದ."

"ಅದಕ್ಕ ಪುಡಿ ಕಲಿಸೀನಲೇ. ಹೊಲದಾಗ ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಕಲಿಸೀನಿ."

"ಕೆಂಪಗಿತ್ತು. ನಾ ಏರಿಸಿದ ಕುಂಕುಮ ಅಂದೆ."

ಹಿರಿಯರು ಎದ್ದು ಹೋಗಿ ಮಾಡಿನ ಸಂದಿಯಿಂದ ಒಂದು ಪೊಟ್ಟಣ ತಂದು ನನ್ನ ಕೈಗೆ ಕೊಟ್ಟರು. ಖಾಲಿಯಾಗಿದ್ದರೂ ಮಡಚಿ ಇಟ್ಟಿದ್ದರು. ಅದರ ಮೇಲೆ ನಾನು ಹುಡುಕುತ್ತಿದ್ದ ಹೆಸರೇ ಇತ್ತು. ನಾನು ಬಂದ ಕಾರಣವನ್ನೆಲ್ಲ ಹೇಳಿದೆ. ಕೋಳಿಯ ಮೊಟ್ಟೆ, ಕಾಲು, ಬಸಿಯಲ್ಲಿ ಬಿಡದ ಬಣ್ಣ, ಸೊಸೆಯನ್ನು ನೋಡಿ ಡಾಕ್ಟರು ಹೇಳಿದ್ದು. ಈ ತಪ್ಪು ಯಾರದೆಂದು ಇಂದಿಗೂ ನನಗೆ ಹೇಳಲು ಬರುವುದಿಲ್ಲ. ಅವರು ಕೃಷಿ ಇಲಾಖೆ ಹೇಳಿಕೊಟ್ಟ ಹಾಗೆ ಬೀಜ ಕಾಪಾಡಿದ್ದರು. ಆಕೆ ಅತ್ತೆ ಹೇಳಿಕೊಟ್ಟ ಹಾಗೆ ಸೊಸೆಯನ್ನು ಹರಸಿದ್ದರು. ಎರಡೂ ಒಂದೇ ಬಣ್ಣದ್ದಾಗಿ ಹೋಗಿದ್ದವು.

"ಇನ್ನ ಉಳದದ ಏನ್ರಿ ಆ ಜೋಳ?" ಎಂದು ಕೇಳಿದೆ.

"ಇಲ್ಲ," ಎಂದರು ಆಕೆ. ಆಮೇಲೆ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟರು. "ಮಾನ್ವಿಗೆ ಕಳಿಸೀನ್ರಿ. ನನ್ನ ಮಗಳಿಗೆ. ಆಕಿನೂ ಬಸುರಿ, ಏಳು ತುಂಬ್ಯಾವ, ಎರಡನೇದ್ದು. ಇಬ್ಬರದೂ ಉಡಿ ಒಂದೇ ಕಾಳಿನ್ಯಾಗ ತುಂಬಿದ್ರ ಅತ್ತಿಗಿ-ನಾದಿನಿ ಚಂದ ಇರ್ತಾರಂತ."

ಕೂಡಲೇ ಫೋನ್ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಹಿರಿಯರು ಪಕ್ಕದ ಮನೆಯವರ ಜೀಪು ತರಿಸಿದರು. ಸಿರವಾರದ ದಾರಿ ಹಿಡಿದು ಹೊರಟೆವು. ಬೀಗಿತ್ತಿಯರಿಬ್ಬರೂ ಹಿಂದಿನ ಸೀಟಿನಲ್ಲಿ ಕೈ ಕೈ ಹಿಡಿದು ಕುಳಿತಿದ್ದರು. ದಾರಿಯುದ್ದಕ್ಕೂ ದೇವದುರ್ಗದ ಬೀಗಿತ್ತಿ ಒಂದೇ ಮಾತು ಹೇಳುತ್ತಿದ್ದರು. "ತಿಂದಿರಲಿಕ್ಕಿಲ್ಲ. ಆಕಿ ಸಣ್ಣಾಕಿದ್ದಾಗಿಂದ ಊಟಕ್ಕ ಹಟ ಮಾಡ್ತಿದ್ಲು. ತಿಂದಿರಲಿಕ್ಕಿಲ್ಲ." ಮೂವರೂ ಹೌದು ಎನ್ನುತ್ತಿದ್ದೆವು.

ಮಾನ್ವಿಯ ಆ ಮನೆಯ ಮುಂದೆ ಇಳಿದಾಗ ನನ್ನ ಕಣ್ಣು ತಾನಾಗಿಯೇ ಅಂಗಳದಲ್ಲಿ ಕೋಳಿ ಹುಡುಕಿತು. ಎಲ್ಲೂ ಇರಲಿಲ್ಲ. ಒಂದು ಹಿಕ್ಕೆಯೂ ಇಲ್ಲದ ಚೊಕ್ಕ ಅಂಗಳ, ಸಾರಿಸಿ ರಂಗೋಲಿ ಹಾಕಿತ್ತು. ಅವರ ಮಗಳು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಬಂದಳು. ತುಂಬಿದ ಹೊಟ್ಟೆ, ನಗುಮುಖ. ಅಷ್ಟು ಜನರನ್ನು ಒಟ್ಟಿಗೆ ಕಂಡು ಗಾಬರಿಯಾದಳು.

"ಯವ್ವಾ, ಯಾಕ ಎಲ್ಲಾರೂ ಬಂದೀರಿ? ಯಾರಿಗೇನಾತು?"

ಅವ್ವನ ಬಾಯಿಂದ ಬಂದದ್ದು ಇಷ್ಟೇ. "ಉಡಿ ಕಾಳು ಎಲ್ಲದಾವಬೇ?"

ಮಗಳಿಗೆ ಪ್ರಶ್ನೆ ಬೇರೆಯಾಗಿಯೇ ಕೇಳಿಸಿತು. ಪರೀಕ್ಷೆ ಮಾಡಲು ಬಂದಿದ್ದಾರೆ ಎಂದುಕೊಂಡಿರಬೇಕು. ಒಳಗೆ ಹೋಗಿ ಚೀಲ ತಂದಳು. ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಖಾಲಿ ಚೀಲ.

"ನೀ ಹೇಳಿದಂಗ ನಾ ಒಬ್ಬಾಕೀನೇ ತಿಂದೀನವ್ವಾ. ಗಂಟಲಿಗಿ ಹಿಡೀತಿತ್ತು, ಆದ್ರೂ ಒಂದ ಕಾಳು ಚೆಲ್ಲಿಲ್ಲ."

ಅವಳ ಅವ್ವ ರಂಗೋಲಿಯ ಮೇಲೇ ಕುಳಿತುಬಿಟ್ಟರು.

ಅಂದೇ ಜೀಪಿನಲ್ಲಿ ಆಕೆಯನ್ನು ರಾಯಚೂರಿಗೆ ಕರೆತಂದು ಅದೇ ಹೆರಿಗೆ ಡಾಕ್ಟರಿಗೆ ತೋರಿಸಿದೆವು. ಅವರು ಪೊಟ್ಟಣ ಓದಿದರು, ಎಲ್ಲ ತಪಾಸಣೆ ಮಾಡಿಸಿದರು. ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ ಎಂದರು. ಆದರೆ ಸೊಸೆಗೆ ಹೇಳಿದ ಹಾಗೆ ನಗುತ್ತ ಹೇಳಲಿಲ್ಲ. ಹುಟ್ಟಲಿ, ನೋಡೋಣ ಎಂದರು. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನೇ ಈ ಮಾತನ್ನು ಎಷ್ಟೋ ರೈತರಿಗೆ ಹೇಳಿದ್ದೇನೆ. ಅದನ್ನು ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ಅಂದು ತಿಳಿಯಿತು.

ಚುಕ್ಕಿಯ ಕೆಲಸ ನನ್ನದಾಗಿತ್ತು, ಅದನ್ನು ಮಾಡಿದೆ. ಶುದ್ಧ ಕಾಳು, ಹಸಿ ಸೊಪ್ಪು, ವಿಟಮಿನ್ ಹನಿ, ಕಾಲಿಗೆ ಆಸರೆಯಾಗಿ ಬಟ್ಟೆಯ ತೊಟ್ಟಿಲು. ಕೆಲವು ವಾರ ಮೊಟ್ಟೆಯೇ ಇಡಲಿಲ್ಲ. ಆಮೇಲೆ ಕುಂಟುತ್ತ ನಡೆಯತೊಡಗಿತು. ಅಷ್ಟರಲ್ಲಿ ಟೀಚರ ಮಗಳು ಹೆಣ್ಣುಕೂಸು ಹಡೆದಳು, ಗುಂಡಗಿದೆ, ಓಣಿ ಹಾರಿಹೋಗುವ ಹಾಗೆ ಅಳುತ್ತದೆ. ಮಾನ್ವಿಯವಳ ದಿನ ಇನ್ನೂ ಬಂದಿಲ್ಲ.

ದೇವದುರ್ಗದ ಹಿರಿಯಾಕೆ ನನಗೆ ದಿನವೂ ಫೋನ್ ಮಾಡುತ್ತಾರೆ. ಮಗಳ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. "ಹ್ಯಾಟಿ ಕೋಳಿ ಹ್ಯಾಂಗದರಿ?" ಎನ್ನುತ್ತಾರೆ. ನಡೆಯುತ್ತಿದೆ ಎಂದರೆ, "ತತ್ತಿ?" ಎನ್ನುತ್ತಾರೆ. ಇನ್ನೂ ಇಲ್ಲ ಎಂದರೆ ಇಟ್ಟುಬಿಡುತ್ತಾರೆ.

ಇಂದು ಬೆಳಿಗ್ಗೆ ಟೀಚರು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಮೊಟ್ಟೆ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋದರು. ಉಗುರಿನಿಂದ ತಟ್ಟಿ ನೋಡಿದೆ. ಟಣ್ಣನೆ ಸದ್ದು ಬಂತು. ಫೋನ್ ಬಂದ ಕೂಡಲೇ ನಾನೇ ಮೊದಲು ಹೇಳಿದೆ, ಖುಷಿಯಿಂದ.

"ಚಿಪ್ಪು ಬಂದದರಿ. ಗಟ್ಟಿ ಬಂದದ."

"ಅದು ಅರ್ಧ ಚೀಲ ತಿಂದಿತ್ತಲ್ರಿ," ಎಂದರು ಆಚೆ ಕಡೆಯಿಂದ. "ನನ್ನ ಮಗಳು ಪೂರಾ ತಿಂದಾಳ."

ನಾನು ಮೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ.